ಬಾಗಿಲಲ್ಲಿ ಮುಪ್ಪಾದ ಸಂತ ಅಲ್ಫೋನ್ಸ್ ರೊಡ್ರಿಗಸ್

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಸಂತರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ, ಅವರ ಮನಸ್ಸಿನಲ್ಲಿದ್ದವರು ಸಂತ ಫ್ರಾನ್ಸಿಸ್ ಝೇವಿಯರರೋ ಪಾದುವದ ಸಂತ ಅಂತೋಣಿಯವರೋ ಆಗಿದ್ದಿರಬಹುದು. ನಾವು ಆರಿಸಿಕೊಂಡುದು ಬಾಗಿಲು ಕಾಯುತ್ತಿದ್ದ ಒಬ್ಬ ಸಹೋದರರನ್ನು. ಈ ಸಂಚಿಕೆಯ ಬೇರೆ ಪುಟಗಳಲ್ಲಿ ದೇವಾಲಯವನ್ನು ಕಟ್ಟಿಸಿದ ಗುರುಗಳ, ನೆಲವನ್ನು ದಾನವಿತ್ತ ಮನೆತನಗಳ, ನಮ್ಮ ಧರ್ಮಕೇಂದ್ರದಿಂದ ಗುರುದೀಕ್ಷೆಯನ್ನೂ ಕನ್ಯಾವ್ರತವನ್ನೂ ಪಡೆದು ಹೋದವರ ಹೆಸರುಗಳು ಅಚ್ಚಾಗಿವೆ. ಅದು ಸಲ್ಲತಕ್ಕದ್ದೇ. ಆದರೆ ನೂರು ವರ್ಷಗಳ ಕಾಲ ಪ್ರತಿದಿನವೂ ಬೆಳಗಿನ ಜಾವದಲ್ಲಿ ಎದ್ದು ಬಂದು ಈ ಬಾಗಿಲನ್ನು ತೆರೆದವರಾರು, ಗಂಟೆ ಬಾರಿಸಿದವರಾರು, ಮಳೆಗಾಲದ ಇರುಳಿನಲ್ಲಿ ರೋಗಿಯ ಮನೆಯವರು ಬಂದು ಬಾಗಿಲು ತಟ್ಟಿದಾಗ ಲಾಂದ್ರ ಹಿಡಿದು ಎದ್ದುಬಂದವರಾರು ಎಂದು ಹಳೆಯ ದಫ್ತರಗಳನ್ನು ತಿರುವಿ ನೋಡಿದರೆ, ಪಟ್ಟಿ ಪೂರ್ತಿಯಾಗಿ ದೊರೆಯುವುದಿಲ್ಲ.

ಮತ್ತೊಂದು ಕಾರಣವೂ ಉಂಟು. ಶತಮಾನೋತ್ಸವದ ಸಿದ್ಧತೆಗಾಗಿ ನಾವು ಮನೆಮನೆಗೆ ಭೇಟಿಯಿತ್ತಾಗ, ವೃದ್ಧರಾದ ಅನೇಕರು ಒಂದೇ ಬಗೆಯ ಮಾತನ್ನು ಆಡಿದರು. ಮಕ್ಕಳು ಕೊಲ್ಲಿ ದೇಶಗಳಲ್ಲಿಯೋ ಬೆಂಗಳೂರು ಮುಂಬಯಿಗಳಲ್ಲಿಯೋ ಇದ್ದಾರೆ. ಹೊಲಗದ್ದೆಯ ಕೆಲಸ ಕೈಯಿಂದಾಗದು. ಪೂಜೆಗೆ ಬರಲು ಮೊಣಕಾಲು ಬಿಡದು. ತಮ್ಮಿಂದ ಈಗ ಯಾರಿಗೂ ಯಾವ ಉಪಯೋಗವೂ ಇಲ್ಲ, ದೇವರು ಏಕೆ ಇನ್ನೂ ಇರಿಸಿದ್ದಾನೋ ತಿಳಿಯದು ಎಂಬುದೇ ಆ ಮಾತಿನ ಸಾರ. ಅವರಿಗೆ ಆ ಕ್ಷಣದಲ್ಲಿ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆಶೀರ್ವಾದ ಮಾಡಿ, ಜಪಮಾಲೆ ಹೇಳಿಕೊಳ್ಳುತ್ತಿರಿ ಎಂದು ಹೇಳಿ ಬಂದೆವು. ನಾವೂ ಅರುವತ್ತು ದಾಟಿದವರಾದುದರಿಂದ ಆ ಮಾತು ಮನಸ್ಸಿನಲ್ಲಿಯೇ ಉಳಿಯಿತು. ಅಂದು ಕೊಡಲಾರದ ಉತ್ತರವನ್ನು ಈ ಸಂತರ ಬಾಳಿನಲ್ಲಿ ಹುಡುಕಬೇಕೆಂಬುದು ನಮ್ಮ ಉದ್ದೇಶ.

ಅಲ್ಫೋನ್ಸ್ ರೊಡ್ರಿಗಸ್ ಅವರು 1532ರ ಜುಲೈ 25ರಂದು, ಪ್ರೇಷಿತ ಯಾಕೋಬರ ಹಬ್ಬದ ದಿನ, ಸ್ಪೇನ್ ದೇಶದ ಸೆಗೋವಿಯ ಪಟ್ಟಣದಲ್ಲಿ ಜನಿಸಿದರು. ತಂದೆ ದಿಯೇಗೋ ರೊಡ್ರಿಗಸ್ ಉಣ್ಣೆಯ ವ್ಯಾಪಾರಿ. ತಾಯಿ ಮರಿಯ ಗೋಮೆಜ್. ಸೆಗೋವಿಯ ಆ ಕಾಲದಲ್ಲಿ ಉಣ್ಣೆಗೂ ಉಣ್ಣೆಯ ಬಟ್ಟೆಗೂ ಹೆಸರಾದ ಊರು. ಮನೆಯಲ್ಲಿ ಮಕ್ಕಳು ಬಹಳ, ಭಕ್ತಿಯೂ ಬಹಳ. ಅಲ್ಫೋನ್ಸರು ಇನ್ನೂ ಬಾಲಕರಾಗಿದ್ದಾಗ, ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನಾಸಿ ಲೊಯೋಲಾ ಅವರ ಮೊದಲ ಸಂಗಾತಿಗಳಲ್ಲೊಬ್ಬರಾದ ಪೀಟರ್ ಫೇಬರ್ ಸ್ವಾಮಿಗಳು ಧರ್ಮಬೋಧೆಗಾಗಿ ಆ ಊರಿಗೆ ಬಂದು ರೊಡ್ರಿಗಸ್ ಅವರ ಮನೆಯಲ್ಲಿಯೇ ಇಳಿದುಕೊಂಡರು. ಬಾಲಕನನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸಿದವರು ಅವರೇ. ಫೇಬರ್ ಸ್ವಾಮಿಗಳು 1546ರಲ್ಲಿ ನಲವತ್ತರ ಪ್ರಾಯದಲ್ಲಿ ತೀರಿಕೊಂಡರು. ಜಗದ್ಗುರು ಫ್ರಾನ್ಸಿಸರು 2013ರಲ್ಲಿ ಅವರನ್ನು ಸಂತರ ಪಟ್ಟಿಗೆ ಸೇರಿಸಿದರು. ಅತಿಥಿಯಾಗಿ ಬಂದ ಗುರುವೊಬ್ಬರು ಆ ಮನೆಯ ಹುಡುಗನಿಗೆ ಮಂತ್ರ ಕಲಿಸಿ ತಲೆ ಸವರಿ ಹೋದರೆ ಅದರ ಫಲ ಎಷ್ಟು ಕಾಲದ ಮೇಲೆ ಮೊಳೆಯುತ್ತದೆ ಎಂಬುದನ್ನು ಯಾರು ಬಲ್ಲರು? ಈ ಬೀಜವು ಮೊಳೆಯುವುದಕ್ಕೆ ಹತ್ತಿರ ಹತ್ತಿರ ಮೂವತ್ತು ವರ್ಷಗಳು ಬೇಕಾದವು.

ಯೇಸುಸಭೆಯವರಲ್ಲಿ ವಿದ್ಯಾಭ್ಯಾಸ ಮಾಡಲೆಂದು ತಂದೆಯು ಅಲ್ಫೋನ್ಸರನ್ನು ಅಲ್ಕಲಾ ಪಟ್ಟಣಕ್ಕೆ ಕಳುಹಿಸಿದ್ದರು. ಓದು ಮುಂದುವರಿಯುವುದಕ್ಕೆ ಮುನ್ನವೇ ತಂದೆ ತೀರಿಕೊಂಡರು. ಹುಡುಗನು ಪುಸ್ತಕ ಮುಚ್ಚಿ ಮನೆಗೆ ಮರಳಬೇಕಾಯಿತು. ಕಾಲಕ್ರಮದಲ್ಲಿ ಉಣ್ಣೆಯ ವ್ಯಾಪಾರವು ಅವರ ಹೆಗಲಿಗೆ ಬಂದಿತು. ಅವರಿಗೆ ವ್ಯಾಪಾರದ ಚಾತುರ್ಯವಿರಲಿಲ್ಲವೋ, ಕಾಲವೇ ಕೆಟ್ಟಿತ್ತೋ, ಅಂತೂ ಅಂಗಡಿಯು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ನಡೆಯಿತು. ಇಪ್ಪತ್ತಾರರ ಸುಮಾರಿಗೆ ಮರಿಯ ಸುವಾರೆಜ್ ಎಂಬಾಕೆಯೊಡನೆ ಮದುವೆಯಾಯಿತು, ಮೂವರು ಮಕ್ಕಳು ಹುಟ್ಟಿದರು. ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು; ಅನುಭವಿಸಿದವರಿಗೆ ಮಾತ್ರ ಅದು ಬೇಗ ಮುಗಿಯಲಿಲ್ಲ. ಇಬ್ಬರು ಮಕ್ಕಳು ತೀರಿಕೊಂಡರು. ಹೆಂಡತಿ ತೀರಿಕೊಂಡಳು. ಮೂವತ್ತೊಂದನೆಯ ವಯಸ್ಸಿಗೆ ಅಲ್ಫೋನ್ಸರು ವಿಧುರರು. ಉಳಿದವನು ಒಬ್ಬನೇ ಒಬ್ಬ ಮಗ.

ಆ ಮಗನನ್ನು ಕರೆದುಕೊಂಡು ಅವರು ಅವಿವಾಹಿತರಾಗಿದ್ದ ತಮ್ಮ ಇಬ್ಬರು ಸಹೋದರಿಯರ ಮನೆಯನ್ನು ಸೇರಿದರು. ಆ ಅಕ್ಕತಂಗಿಯರು ದೈವಭಕ್ತೆಯರು, ದಿನವೂ ಮೌನಪ್ರಾರ್ಥನೆಯಲ್ಲಿ ಕಾಲ ಕಳೆಯುವವರು. ದುಃಖದಿಂದ ಬಂದ ಸಹೋದರನನ್ನು ಕೂರಿಸಿಕೊಂಡು ಧ್ಯಾನ ಮಾಡುವ ಕ್ರಮವನ್ನು ಅವರು ಕಲಿಸಿಕೊಟ್ಟರು. ಆತ್ಮಸಾಧನೆಯಲ್ಲಿ ಮಹಾಜ್ಞಾನಿಗಳೆಂದು ಮುಂದೆ ಪಂಡಿತರಿಂದಲೂ ಕೊಂಡಾಡಿಸಿಕೊಂಡ ಈ ಸಂತರಿಗೆ ಪ್ರಾರ್ಥನೆಯ ಪಾಠ ಹೇಳಿದವರು ದೊಡ್ಡ ದೇವಶಾಸ್ತ್ರಜ್ಞರಲ್ಲ, ಅಡುಗೆಮನೆಯ ಕೆಲಸ ಮುಗಿಸಿ ಜಪಮಾಲೆ ಹಿಡಿಯುತ್ತಿದ್ದ ಇಬ್ಬರು ಹೆಂಗಸರು. ನಮ್ಮ ಮನೆಗಳಲ್ಲಿಯೂ ಮದುವೆಯಿಲ್ಲದೆ ಅಣ್ಣತಮ್ಮಂದಿರ ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಅತ್ತೆಯಂದಿರು ಇದ್ದಾರೆ. ಅವರ ಹೆಸರು ಕುಟುಂಬದ ಸಮಾಧಿಯ ಕಲ್ಲಿನ ಮೇಲೆ ಕಡೆಯ ಸಾಲಿನಲ್ಲಿರುತ್ತದೆ.

ಕೆಲವು ವರ್ಷಗಳಲ್ಲಿ ಉಳಿದ ಒಬ್ಬ ಮಗನೂ ತೀರಿಕೊಂಡನು. ಈಗ ಅಲ್ಫೋನ್ಸರಿಗೆ ಲೋಕದಲ್ಲಿ ಹಿಡಿದು ನಿಲ್ಲಿಸುವಂಥದು ಯಾವುದೂ ಉಳಿಯಲಿಲ್ಲ. ವಯಸ್ಸು ಮೂವತ್ತೈದನ್ನು ದಾಟಿತ್ತು. ಇಂದು ಆ ವಯಸ್ಸಿನವನನ್ನು ಯುವಕನೆಂದು ಕರೆಯುತ್ತೇವೆ. ಹದಿನಾರನೆಯ ಶತಮಾನದಲ್ಲಿ, ಉಪವಾಸ ಜಾಗರಣೆಗಳಿಂದ ದೇಹವನ್ನು ಸವೆಸಿಕೊಂಡಿದ್ದ ಆ ಮನುಷ್ಯನಿಗೆ, ಅದು ಬಾಳು ಇಳಿಮುಖವಾದ ಕಾಲ. ಅವರು ಸೆಗೋವಿಯದ ಯೇಸುಸಭೆಯವರ ಬಾಗಿಲಿಗೆ ಹೋಗಿ ತಮ್ಮನ್ನು ಸೇರಿಸಿಕೊಳ್ಳಬೇಕೆಂದು ಬೇಡಿದರು. ಗುರುವಾಗುವುದಕ್ಕೆ ಬೇಕಾದ ವಿದ್ಯೆ ಇಲ್ಲ, ವಯಸ್ಸು ಮೀರಿದೆ. ದುಡಿಯುವ ಸಹೋದರನಾಗುವುದಕ್ಕೆ ಬೇಕಾದ ದೇಹಬಲವೂ ಇಲ್ಲ ಎಂಬ ಉತ್ತರ ದೊರೆಯಿತು. ಅವರು ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಲೆಕ್ಕಕ್ಕೆ ಹಿಡಿದರೆ ಎಲ್ಲವೂ ನಿಜವೇ.

ಅಲ್ಫೋನ್ಸರ ಬಾಳಿನಲ್ಲಿ ನಮಗೆ ಅತ್ಯಂತ ಪ್ರಿಯವಾದ ಘಟ್ಟ ಇಲ್ಲಿಂದ ಮೊದಲಾಗುತ್ತದೆ. ಸೆಗೋವಿಯದಲ್ಲಿ ಅವರನ್ನು ಬಲ್ಲವರಾಗಿದ್ದ ಲೂಯಿಸ್ ಸಾಂತಾಂದೆರ್ ಎಂಬ ಯೇಸುಸಭೆಯ ಗುರುಗಳು ಆಗ ವಲೆನ್ಸಿಯ ಪಟ್ಟಣದಲ್ಲಿ ಇದ್ದರು. ಅಲ್ಫೋನ್ಸರು ತಮ್ಮ ಆಸ್ತಿಯನ್ನು ಬಹುಮಟ್ಟಿಗೆ ಸಹೋದರಿಯರಿಗೂ ಬಡವರಿಗೂ ಕೊಟ್ಟು, ಅವರನ್ನು ಹುಡುಕಿಕೊಂಡು ಹೊರಟರು. ಸಾಂತಾಂದೆರ್ ಸ್ವಾಮಿಗಳು ಬರಿಯ ಸಾಂತ್ವನದ ಮಾತನ್ನಾಡಿ ಕಳುಹಿಸಿಬಿಡಲಿಲ್ಲ. ಲತೀನ್ ಭಾಷೆಯನ್ನು ಕಲಿಯಿರಿ, ಪ್ರಯತ್ನ ಬಿಡಬೇಡಿರಿ ಎಂದು ಧೈರ್ಯವಿತ್ತರು. ಹೊಟ್ಟೆಪಾಡಿಗೆ ಮನೆಗೆಲಸವನ್ನೂ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನೂ ದೊರಕಿಸಿಕೊಡಲು ನೆರವಾದರು. ಹೀಗೆ ಹೆಂಡತಿ ಮಕ್ಕಳನ್ನು ಮಣ್ಣುಮಾಡಿ ಬಂದಿದ್ದ ಆ ವಿಧುರರು, ಸಣ್ಣ ಹುಡುಗರ ನಡುವೆ ಪಾಠಶಾಲೆಯ ಬೆಂಚಿನ ಮೇಲೆ ಕುಳಿತು ಶಬ್ದರೂಪಗಳನ್ನು ಬಾಯಿಪಾಠ ಮಾಡತೊಡಗಿದರು. ಹುಡುಗರು ನಗದೆ ಬಿಟ್ಟಿರಲಾರರು. ವಿದ್ಯೆ ಹತ್ತಿತೇ ಎಂದರೆ, ಹೇಳಿಕೊಳ್ಳುವಷ್ಟು ಹತ್ತಲಿಲ್ಲ. ನಡುವೆ ಒಬ್ಬ ಸ್ನೇಹಿತನು ಬಂದು, ಇಬ್ಬರೂ ಕೂಡಿ ಕಾಡಿನಲ್ಲಿ ಏಕಾಂತವಾಸ ಮಾಡೋಣವೆಂದು ಅವರ ಮನಸ್ಸನ್ನು ಕದಡಿದನು. ಅದು ದೇವರ ಚಿತ್ತವಲ್ಲ, ಸ್ವಂತ ಇಚ್ಛೆಯ ಬೆನ್ನುಹತ್ತುವುದು ಎಂದು ಸಾಂತಾಂದೆರ್ ಸ್ವಾಮಿಗಳು ನಿಷ್ಠುರವಾಗಿಯೇ ಎಚ್ಚರಿಸಿದರು. ಧೈರ್ಯ ಹೇಳುವವರು ಆಗಾಗ ಗದರಬೇಕಾಗುತ್ತದೆ.

ಮತ್ತೊಮ್ಮೆ ಅರ್ಜಿ ಪರಿಶೀಲನೆಗೆ ಬಂದಾಗ, ಪರೀಕ್ಷಕರು ಮೊದಲಿನ ಮಾತನ್ನೇ ಹೇಳಿದರು. ಆದರೆ ಪ್ರಾಂತಾಧಿಕಾರಿಗಳಾಗಿದ್ದ ಅಂತೋನಿಯೋ ಕೊರ್ದೆಸೆಸ್ ಅವರು ಅವರೆಲ್ಲರ ಅಭಿಪ್ರಾಯವನ್ನು ಬದಿಗಿಟ್ಟರು. ಈತನು ಗುರುವಾಗುವುದಕ್ಕೂ ತಕ್ಕವನಲ್ಲ, ಸಹೋದರನಾಗುವುದಕ್ಕೂ ತಕ್ಕವನಲ್ಲ ಎನ್ನುವುದಾದರೆ, ಸಂತನಾಗುವುದಕ್ಕಾಗಿ ಒಳಗೆ ಬರಲಿ ಎಂಬರ್ಥದ ಮಾತನ್ನು ಅವರು ಆಡಿದರೆಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. 1571ರ ಜನವರಿ 31ರಂದು ಅಲ್ಫೋನ್ಸರು ಯೇಸುಸಭೆಯಲ್ಲಿ ಸಹೋದರರಾಗಿ ಸ್ವೀಕೃತರಾದರು. ಆರು ತಿಂಗಳಲ್ಲಿ ಅವರನ್ನು ಸಮುದ್ರದಾಚೆಯ ಮಯೋರ್ಕ ದ್ವೀಪಕ್ಕೆ, ಪಾಲ್ಮ ಪಟ್ಟಣದ ಮೋಂತೆಸಿಯೋನ್ ಎಂಬ ವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿಂದ ಅವರು ಹಿಂದಿರುಗಲಿಲ್ಲ. 46 ವರ್ಷಗಳ ಕಾಲ, ಸಾಯುವವರೆಗೂ, ಅದೇ ಮನೆ.

ಅಲ್ಲಿ ಅವರಿಗೆ ದೊರೆತ ಕೆಲಸ ಬಾಗಿಲು ಕಾಯುವುದು. ಇದೊಂದು ವಿರಾಮದ ಕೆಲಸವೆಂದು ಯಾರೂ ಭಾವಿಸಬಾರದು. ವಿದ್ಯಾರ್ಥಿಗಳಿಗೆ ಬಂದ ಓಲೆಗಳನ್ನು ಮುಟ್ಟಿಸಬೇಕು. ಗುರುಗಳನ್ನು ಕಾಣಲು ಬಂದವರನ್ನು ಕೂರಿಸಿ, ಒಳಗೆ ಹೋಗಿ ಕರೆದು ತರಬೇಕು. ಪಾಪನಿವೇದನೆಗೆ ಬಂದವರಿಗೆ ಗುರುಗಳನ್ನು ಹುಡುಕಿಕೊಡಬೇಕು. ಅನ್ನಕ್ಕಾಗಿ ಬಂದ ಭಿಕ್ಷುಕರಿಗೆ ಅನ್ನ ಕೊಡಬೇಕು. ದುಃಖ ತೋಡಿಕೊಳ್ಳಲು ಬಂದವರ ಮಾತಿಗೆ ಕಿವಿಗೊಡಬೇಕು. ಇಷ್ಟು ಮಾಡಿ ಕುಳಿತರೆ ಗಂಟೆ ಮತ್ತೆ ಬಾರಿಸುತ್ತದೆ. ನಮ್ಮ ಗುರುಮನೆಗಳ ಬಾಗಿಲನ್ನು ನೋಡಿಕೊಂಡವರಿಗೆ ಇದು ಗೊತ್ತಿರುವ ಸಂಗತಿ. ಊಟಕ್ಕೆ ಕುಳಿತಾಗಲೇ ಗಂಟೆ ಬಾರಿಸುವವರು ಇದ್ದೇ ಇರುತ್ತಾರೆ. ಅಲ್ಫೋನ್ಸರು ಪ್ರತಿ ಸಲ ಗಂಟೆಯ ಸದ್ದು ಕೇಳಿದಾಗಲೂ ಹೊರಗೆ ನಿಂತಿರುವವರು ಯೇಸುಸ್ವಾಮಿಯೇ ಎಂದು ಮನಸ್ಸಿನಲ್ಲಿ ಭಾವಿಸಿ, ಬಂದೆನೆಂದು ಆ ಪ್ರಭುವಿಗೆ ಉತ್ತರ ಕೊಡುತ್ತಲೇ ಎದ್ದು ಹೋಗುತ್ತಿದ್ದರು. ಒಂದು ದಿನ ಎರಡು ದಿನ ಹಾಗೆ ಭಾವಿಸುವುದು ಸುಲಭ. ಅವರು ದಶಕಗಳ ಕಾಲ ಹಾಗೆ ಭಾವಿಸಿದರು. ಬಾಗಿಲ ಬಳಿ ಬಿಡುವು ಸಿಕ್ಕಾಗಲೆಲ್ಲ ಕೈ ಜಪಮಾಲೆಯ ಮೇಲಿರುತ್ತಿತ್ತು. ಮಾತೆ ಮರಿಯಮ್ಮನವರ ಅಮಲೋದ್ಭವದ ಕಿರುಪ್ರಾರ್ಥನಾವಿಧಿಯು ಅವರದೇ ರಚನೆಯೆಂದು ಬಹುಕಾಲ ನಂಬಲಾಗಿತ್ತು. ಅದು ಅವರ ರಚನೆಯಲ್ಲ. ಅವರು ಅದನ್ನು ಭಕ್ತಿಯಿಂದ ಹೇಳಿಕೊಳ್ಳುತ್ತಿದ್ದರು, ಇತರರಲ್ಲಿ ಹರಡುತ್ತಿದ್ದರು.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಬೇಕು. ಕ್ರೈಸ್ತ ಪರಿಪೂರ್ಣತೆಯ ಅಭ್ಯಾಸವನ್ನು ಕುರಿತ ಹೆಸರಾಂತ ಗ್ರಂಥವನ್ನು ಬರೆದ ಅಲ್ಫೋನ್ಸ್ ರೊಡ್ರಿಗಸ್ ಎಂಬ ಯೇಸುಸಭೆಯ ಗುರುಗಳು ಬೇರೆ. ಅವರೂ ಸ್ಪೇನಿನವರೇ, ಅದೇ ಕಾಲದವರೇ. ಗುರುಮಠದಲ್ಲಿ ಆ ಗ್ರಂಥದ ಭಾಗಗಳನ್ನು ಓದಿಸಿಕೊಳ್ಳುತ್ತಿದ್ದ ನಾವು, ಇಷ್ಟು ದಪ್ಪ ಗ್ರಂಥವನ್ನು ಬರೆದವರಿಗೆ ಬಾಗಿಲು ಕಾಯಲು ಪುರುಸೊತ್ತು ಎಲ್ಲಿ ಸಿಕ್ಕಿತು ಎಂದು ಬಹುದಿನ ಬೆರಗಾಗಿದ್ದುದುಂಟು!

ಬಾಗಿಲಿನ ಸಹೋದರರ ಮುಖ ಯಾವಾಗಲೂ ಪ್ರಸನ್ನವಾಗಿದ್ದುದರಿಂದ ಅವರ ಒಳಗೂ ಹಾಗೆಯೇ ಇತ್ತೆಂದು ಜನರು ತಿಳಿದಿರಬಹುದು. ಹಿರಿಯರ ಅಪ್ಪಣೆಯಂತೆ ಅವರು 1604ರಿಂದ ಮುಂದೆ ತಮ್ಮ ಆತ್ಮದ ಚರಿತ್ರೆಯನ್ನು ಆಗಾಗ ಬರೆದಿಟ್ಟರು. ಅದರಿಂದ ತಿಳಿದುಬರುವ ಸಂಗತಿ ಬೇರೆ. ವರ್ಷಗಟ್ಟಲೆ ಪ್ರಾರ್ಥನೆಯಲ್ಲಿ ರುಚಿಯೇ ಇರಲಿಲ್ಲ. ಶೋಧನೆಗಳು ಬಿಡದೆ ಕಾಡಿದವು. ದೇವರು ತಮ್ಮನ್ನು ತೊರೆದನೆಂಬ ಭಾವನೆ ಅವರನ್ನು ಹಣ್ಣು ಮಾಡಿತು. ಪ್ರಾರ್ಥನೆಗೆ ಕುಳಿತಾಗಲೇ ದೇಹಬಾಧೆ ಹೆಚ್ಚುತ್ತಿತ್ತು. ಇದರ ನಡುವೆ ದೇವದರ್ಶನಗಳೂ ಆನಂದಪರವಶತೆಯೂ ಉಂಟಾದುದು ನಿಜ. ಆದರೆ ಅವು ಕತ್ತಲಿನ ನಡುವೆ ಮಿಂಚಿದಂತೆ ಬಂದು ಹೋಗುತ್ತಿದ್ದವು. ವಯಸ್ಸಾದ ಮೇಲೆ ಪ್ರಾರ್ಥನೆ ಹತ್ತುತ್ತಿಲ್ಲ, ಜಪ ಹೇಳುವಾಗ ಮನಸ್ಸು ಎಲ್ಲಿಗೋ ಹೋಗುತ್ತದೆ ಎಂದು ಪಾಪನಿವೇದನೆಯ ಪೀಠದಲ್ಲಿ ಕಣ್ಣೀರು ಹಾಕುವವರು ಈ ಭಾಗವನ್ನು ಇನ್ನೊಮ್ಮೆ ಓದಬೇಕೆಂದು ನಮ್ಮ ಬಿನ್ನಹ.

ಹಿರಿಯರು ಅವರ ವಿಧೇಯತೆಯನ್ನು ಪರೀಕ್ಷಿಸಿದ ಕಥೆಗಳೂ ಇವೆ. ಮುಪ್ಪಿನ ಕಾಲದಲ್ಲಿ ಅವರಿಗೆ ಒಮ್ಮೆ ಅಮೆರಿಕದ ಇಂಡೀಸಿಗೆ ಹೊರಡಬೇಕೆಂದು ಅಪ್ಪಣೆಯಾಯಿತಂತೆ. ವೃದ್ಧರು ಒಂದು ಮಾತನ್ನೂ ಕೇಳದೆ ನೇರವಾಗಿ ಹೊರಬಾಗಿಲಿಗೆ ನಡೆದು, ಹಡಗು ಹುಡುಕಲು ಹೊರಟೇಬಿಟ್ಟರಂತೆ. ಅವರನ್ನು ಹಿಂದಕ್ಕೆ ಕರೆತರಬೇಕಾಯಿತು. ಹಳೆಯ ಚರಿತ್ರೆಕಾರರು ಇದನ್ನು ಬಹಳ ಮೆಚ್ಚಿ ಹೇಳುತ್ತಾರೆ. ವೃದ್ಧರನ್ನು ಹೀಗೆ ಪರೀಕ್ಷಿಸುವುದು ನಮಗಂತೂ ಅಷ್ಟಾಗಿ ರುಚಿಸುವುದಿಲ್ಲ. ಇದಕ್ಕಿಂತ ಪಾಲ್ಮದ ಜನರು ಹೇಳಿಕೊಂಡು ಬಂದಿರುವ ಇನ್ನೊಂದು ಸಂಗತಿ ನಮಗೆ ಹೆಚ್ಚು ಹಿತವೆನಿಸುತ್ತದೆ. ಊರಾಚೆಯ ಗುಡ್ಡದ ಮೇಲೆ ಬೆಲ್ವೇರ್ ಎಂಬ ಕೋಟೆಯಿದೆ. ಒಂದು ದಿನ ಸುಡುಬಿಸಿಲಿನಲ್ಲಿ ಆ ಏರನ್ನು ಹತ್ತುತ್ತಿದ್ದ ಮುದುಕರು ದಣಿದು ಬೆವರಿ ಹಣ್ಣಾದಾಗ, ದೇವಮಾತೆಯು ಕಾಣಿಸಿಕೊಂಡು ಅವರ ಹಣೆಯ ಬೆವರನ್ನು ವಸ್ತ್ರದಿಂದ ಒರೆಸಿದಳೆಂಬುದು ಸಂಪ್ರದಾಯದ ನಂಬಿಕೆ.

ಅವರ ವಯಸ್ಸು ಎಪ್ಪತ್ತನ್ನು ದಾಟಿತು. ದೇಹ ಬಾಗಿತು. ಬಾಗಿಲಿನ ಮುಖ್ಯ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಿ, ಇವರನ್ನು ಸಹಾಯಕರನ್ನಾಗಿ ಇರಿಸಿದರು. ಲೋಕದ ಲೆಕ್ಕದಲ್ಲಿ ಇದು ನಿವೃತ್ತಿ. ಅವರ ಬಾಳಿನ ಅತ್ಯಂತ ದೊಡ್ಡ ಕಾರ್ಯವು ಆಗ ಇನ್ನೂ ಆರಂಭವೇ ಆಗಿರಲಿಲ್ಲ.

1605ರಲ್ಲಿ ತತ್ವಶಾಸ್ತ್ರದ ಅಭ್ಯಾಸಕ್ಕಾಗಿ ಪೀಟರ್ ಕ್ಲೇವರ್ ಎಂಬ ತರುಣರು ಮೋಂತೆಸಿಯೋನಿಗೆ ಬಂದರು. ಕತಲೋನಿಯದ ವೆರ್ದು ಎಂಬ ಹಳ್ಳಿಯವರು. ವಯಸ್ಸು ಇಪ್ಪತ್ತೈದರ ಸುಮಾರು, ಅಲ್ಫೋನ್ಸರಿಗೆ ಎಪ್ಪತ್ತಮೂರು. ಕ್ಲೇವರರು ಬುದ್ಧಿವಂತರು. ಆದರೆ ಸಂಕೋಚದ ಸ್ವಭಾವ, ತಮ್ಮ ಮೇಲೆ ತಮಗೇ ನಂಬಿಕೆ ಕಡಮೆ. ತಾವು ಗುರುಪಟ್ಟಕ್ಕೆ ತಕ್ಕವರೋ ಅಲ್ಲವೋ ಎಂಬ ಅನುಮಾನವು ಅವರನ್ನು ಬಹುಕಾಲ ಕಾಡಿತು. ಇಂತಹ ವಿದ್ಯಾರ್ಥಿಯು ಮನೆಯಲ್ಲಿದ್ದ ಪಂಡಿತರಲ್ಲಿ ಯಾರನ್ನಾದರೂ ಮಾರ್ಗದರ್ಶಕರನ್ನಾಗಿ ಆರಿಸಿಕೊಳ್ಳಬಹುದಾಗಿತ್ತು. ಅವರು ಹಿರಿಯರ ಅನುಮತಿ ಬೇಡಿ, ದಿನವೂ ಸ್ವಲ್ಪ ಹೊತ್ತು ಬಾಗಿಲಿನ ಮುದುಕರ ಬಳಿ ಬಂದು ಕೂರತೊಡಗಿದರು.

ಅಲ್ಲಿ ನಡೆದುದನ್ನು ನಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಒಬ್ಬರು ಲತೀನ್ ಕಲಿಯಲು ಹೋಗಿ ಸೋತವರು. ಇನ್ನೊಬ್ಬರು ಲತೀನಿನಲ್ಲಿ ತತ್ವಶಾಸ್ತ್ರ ಓದುತ್ತಿದ್ದವರು. ಮಾತಿನ ನಡುವೆ ಗಂಟೆ ಬಾರಿಸಿದರೆ ಒಬ್ಬರು ಎದ್ದು ಹೋಗಿ ಬರುತ್ತಿದ್ದರು. ಅಲ್ಫೋನ್ಸರು ಈ ತರುಣರಿಗೆ ದೇವರನ್ನು ಕುರಿತು, ತಗ್ಗಿ ನಡೆಯುವುದನ್ನು ಕುರಿತು, ಕಷ್ಟ ಸಹಿಷ್ಣುತೆಯನ್ನು ಕುರಿತು ಹೇಳಿದರು. ಸ್ವರ್ಗದಲ್ಲಿ ಕ್ಲೇವರರಿಗಾಗಿ ಸಿದ್ಧವಾಗಿದ್ದ ಸಿಂಹಾಸನವನ್ನು ಅವರು ದರ್ಶನದಲ್ಲಿ ಕಂಡರೆಂದು ಚರಿತ್ರೆಗಳು ಹೇಳುತ್ತವೆ. ಆ ಮೇಲೆ ಅವರು ಮತ್ತೆ ಮತ್ತೆ ಒತ್ತಿ ಹೇಳಿದ ಮಾತು ಒಂದೇ. ಸಮುದ್ರದಾಚೆಗೆ, ಇಂಡೀಸಿಗೆ ಹೋಗಬೇಕು. ಅಲ್ಲಿ ಅಸಂಖ್ಯಾತ ಆತ್ಮಗಳು ಯಾರೂ ಕೇಳುವವರಿಲ್ಲದೆ ನಾಶವಾಗುತ್ತಿವೆ. ಇಂಡೀಸನ್ನು ಒಮ್ಮೆಯೂ ಕಾಣದ, ಕಾಣುವ ಆಸೆಯೂ ಇಲ್ಲದ ಮುದುಕರು ಇಷ್ಟು ಖಚಿತವಾಗಿ ಹೇಳಿದುದು ಹೇಗೆ? ಒಂದು ಕಾಲದಲ್ಲಿ ಎಲ್ಲರೂ ಬೇಡವೆಂದಾಗ ಸಾಂತಾಂದೆರ್ ಸ್ವಾಮಿಗಳೂ ಕೊರ್ದೆಸೆಸ್ ಸ್ವಾಮಿಗಳೂ ತಮ್ಮ ಮೇಲೆ ಇಟ್ಟಿದ್ದ ನಂಬಿಕೆಯನ್ನು ಅವರು ಮರೆತಿರಲಿಲ್ಲವೆಂದು ನಮಗೆ ತೋರುತ್ತದೆ. ಆ ಋಣವನ್ನು ಕೊಟ್ಟವರಿಗೆ ಹಿಂದಿರುಗಿಸುವಂತಿರಲಿಲ್ಲ. ಎದುರಿಗೆ ಕುಳಿತ ತರುಣರಿಗೆ ಅದನ್ನು ದಾಟಿಸಿದರು. ಅಗಲುವ ಕಾಲ ಬಂದಾಗ ತಮ್ಮ ಕೈಬರಹದ ಆತ್ಮಿಕ ಟಿಪ್ಪಣಿಗಳ ಪುಸ್ತಕವೊಂದನ್ನು ಕೊಟ್ಟರು. ಕ್ಲೇವರರು ಬಾಳಿನುದ್ದಕ್ಕೂ ಅದನ್ನು ಜೋಪಾನವಾಗಿ ಇರಿಸಿಕೊಂಡರು.

ಕ್ಲೇವರರು 1610ರಲ್ಲಿ ಹಡಗು ಹತ್ತಿದರು. ಇಂದಿನ ಕೊಲಂಬಿಯ ದೇಶದ ಕಾರ್ತಹೇನ ಬಂದರಿನಲ್ಲಿ 1616ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರನ್ನು ಮಾರುವ ದೊಡ್ಡ ಸಂತೆ ಆ ಬಂದರು. ಹಡಗಿನ ತಳದಲ್ಲಿ ಸರಪಳಿ ಬಿಗಿದು ತುಂಬಿದ ಜನರಲ್ಲಿ ಎಷ್ಟೋ ಮಂದಿ ದಾರಿಯಲ್ಲಿಯೇ ಸಾಯುತ್ತಿದ್ದರು. ಹಡಗು ಬಂದ ಸುದ್ದಿ ತಿಳಿದ ಕೂಡಲೇ ಕ್ಲೇವರರು ಔಷಧ, ನಿಂಬೆಹಣ್ಣು, ತಿಂಡಿತಿನಿಸುಗಳನ್ನು ಹೊತ್ತು, ಆಫ್ರಿಕದ ಭಾಷೆಗಳನ್ನು ಬಲ್ಲ ದುಭಾಷಿಗಳೊಡನೆ ಆ ದುರ್ಗಂಧದ ತಳಕ್ಕೆ ಇಳಿಯುತ್ತಿದ್ದರು. ಮೊದಲು ಗಾಯ ತೊಳೆಯುವುದು, ಆಮೇಲೆ ಉಪದೇಶ. ಸುಮಾರು ನಲವತ್ತು ವರ್ಷಗಳಲ್ಲಿ ಅವರಿಂದ ಜ್ಞಾನಸ್ನಾನ ಪಡೆದವರು 3 ಲಕ್ಷ ಮಂದಿ ಎಂದು ಹೇಳಲಾಗಿದೆ. 1622ರಲ್ಲಿ ಅಂತಿಮ ವ್ರತಗಳನ್ನು ಕೈಗೊಂಡಾಗ ಅವರು ತಮ್ಮನ್ನು ಸದಾಕಾಲಕ್ಕೂ ಗುಲಾಮರ ಗುಲಾಮನೆಂದು ಬರೆದುಕೊಂಡರು. ಗುಲಾಮಗಿರಿಯ ಕಥೆ ನಮಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಪೋರ್ಚುಗೀಸರ ಹಡಗುಗಳು ಆಫ್ರಿಕದ ಜನರನ್ನು ಗೋವೆಗೂ ತಂದಿಳಿಸಿದವು. ಹೀಗೆ ಬಂದವರ ಸಂತತಿಯೇ ಇಂದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನಲ್ಲಿ ನೆಲೆಸಿರುವ ಸಿದ್ದಿ ಬಂಧುಗಳು. ಅವರಲ್ಲಿ ನಮ್ಮ ಕಥೋಲಿಕ ವಿಶ್ವಾಸಿಗಳೂ ಇದ್ದಾರೆ.

ಮಯೋರ್ಕದಲ್ಲಿ ಅಲ್ಫೋನ್ಸರ ಕಡೆಯ ವರ್ಷಗಳು ಸುಖದವಾಗಿರಲಿಲ್ಲ. ಹಾಸಿಗೆ ಹಿಡಿದರು. ನೋವು ಬಿಡಲಿಲ್ಲ. ಎಲ್ಲಕ್ಕಿಂತ ಕಠಿನವಾದ ಸಂಗತಿಯೆಂದರೆ ನೆನಪು ಕುಂದಿತು. ಬಾಳಿನುದ್ದಕ್ಕೂ ಹೇಳಿಕೊಂಡು ಬಂದಿದ್ದ ಪ್ರಾರ್ಥನೆಗಳೇ ನಾಲಗೆಗೆ ಬಾರದಾದವು. ತಂದೆತಾಯಿಗಳ ನೆನಪು ಅಳಿಸಿಹೋಗುವುದನ್ನು ದಿನವೂ ಕಣ್ಣಾರೆ ಕಾಣುತ್ತಿರುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಇವೆ. ತಮ್ಮ ಹೆಸರನ್ನೇ ಮರೆತ ತಾಯಿಯ ಬಳಿ ಕುಳಿತು ಜಪಮಾಲೆ ಹೇಳುವ ಮಗಳನ್ನು ನಾವು ಕಂಡಿದ್ದೇವೆ. ಮಂತ್ರದ ಮಾತು ಮರೆತರೆ ವಿಶ್ವಾಸವೂ ಮರೆತುಹೋಯಿತೇ ಎಂದು ಆಕೆ ನಮ್ಮನ್ನು ಕೇಳಿದ್ದಳು. ಅಂಥ ಸ್ಥಿತಿಯಲ್ಲಿಯೇ ತೀರಿಕೊಂಡ ಈ ಮುದುಕರನ್ನು ಧರ್ಮಸಭೆಯು ಪೀಠದ ಮೇಲಿರಿಸಿ ಗೌರವಿಸಿದೆ ಎಂಬುದೇ ಆಕೆಗೆ ನಾವು ಕೊಡಬಹುದಾದ ಉತ್ತರ.

1617ರ ಅಕ್ಟೋಬರ್ 29ರಂದು ಅಲ್ಫೋನ್ಸರು ಪರಮಪ್ರಸಾದವನ್ನು ಸ್ವೀಕರಿಸಿದರು. ಆಮೇಲೆ ನೋವು ಅಡಗಿ, ಪ್ರಶಾಂತರಾಗಿ ಮಲಗಿದ್ದರು. 31ರಂದು ನಡುವಿರುಳಿನ ಹೊತ್ತಿಗೆ ಕಣ್ಣು ತೆರೆದು, ಸುತ್ತ ನಿಂತಿದ್ದವರನ್ನು ನೋಡಿ, ಶಿಲುಬೆಯನ್ನು ಮುತ್ತಿಟ್ಟು, ಯೇಸುನಾಮವನ್ನು ಉಚ್ಚರಿಸಿ ಪ್ರಾಣಬಿಟ್ಟರು. ಪ್ರಾಯ ಎಂಬತ್ತೈದು. ಬಾಗಿಲು ಕಾಯುವವರ ಶವಸಂಸ್ಕಾರಕ್ಕೆ ದ್ವೀಪದ ರಾಜಪ್ರತಿನಿಧಿಯೂ ಶ್ರೀಮಂತರೂ ಧರ್ಮಾಧ್ಯಕ್ಷರೂ ಬಂದರು. ಬಡವರೂ ರೋಗಿಗಳೂ ಗುಂಪುಗುಂಪಾಗಿ ಬಂದರು. ಅವರಲ್ಲಿ ಎಷ್ಟು ಮಂದಿಗೆ ಆ ಕೈಗಳು ಬಾಗಿಲು ತೆರೆದಿದ್ದುವೋ! ಸಮುದ್ರದಾಚೆ ಕಾರ್ತಹೇನದಲ್ಲಿ ಕ್ಲೇವರರಿಗೆ ಗುರುದೀಕ್ಷೆಯಾಗಿ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ತಾವು ಆಡಿದ ಮಾತಿನ ಫಲವನ್ನು ಅಲ್ಫೋನ್ಸರು ಈ ಲೋಕದಲ್ಲಿ ಕಾಣಲಿಲ್ಲ.

ಕ್ಲೇವರರಿಗೂ ಮುಂದೆ ಮುಪ್ಪು ಬಂದಿತು. ರೋಗದಿಂದ ನಡುಗುವ ಕೈಕಾಲುಗಳೊಡನೆ ಕಡೆಯ ನಾಲ್ಕು ವರ್ಷಗಳನ್ನು ಅವರು ಬಹುಮಟ್ಟಿಗೆ ತಮ್ಮ ಕೋಣೆಯಲ್ಲಿಯೇ ಕಳೆದರು. ಆರೈಕೆಗಿಟ್ಟಿದ್ದ ಆಳು ಅವರನ್ನು ಒರಟಾಗಿ ನಡೆಸಿಕೊಂಡನು, ಊರು ಅವರನ್ನು ಮರೆತಂತಾಯಿತು. 1654ರ ಸೆಪ್ಟೆಂಬರ್ 8ರಂದು, ಕನ್ಯಾಮಾತೆಯ ಜನ್ಮದಿನದ ಹಬ್ಬದಂದು, ತೀರಿಕೊಂಡರು. ನಡುವೆ ಸಮುದ್ರವಿದ್ದರೂ ಗುರುಶಿಷ್ಯರು ಒಂದೇ ಬಗೆಯ ಹಾಸಿಗೆಯಲ್ಲಿ ಮಲಗಿ ಹೋದರು.

1633ರಲ್ಲಿ ಮಯೋರ್ಕದ ಜನರು ಅಲ್ಫೋನ್ಸರನ್ನು ತಮ್ಮ ಪಾಲಕರಾಗಿ ಸ್ವೀಕರಿಸಿದರು. ಹದಿನೆಂಟನೆಯ ಶತಮಾನದಲ್ಲಿ ಯೇಸುಸಭೆಯೇ ರದ್ದಾದುದರಿಂದ ಮುಂದಿನ ವಿಚಾರಣೆಗಳು ತಡೆದು, 1825ರಲ್ಲಿ ಅವರಿಗೆ ಪುನೀತ ಪದವಿ ದೊರೆಯಿತು. 1888ರ ಜನವರಿ 15ರಂದು ಜಗದ್ಗುರು ಹದಿಮೂರನೆಯ ಲಿಯೋ ಅವರು ಅಲ್ಫೋನ್ಸರನ್ನೂ ಪೀಟರ್ ಕ್ಲೇವರರನ್ನೂ ಒಂದೇ ದಿನ ಸಂತರೆಂದು ಸಾರಿದರು. ಅದೇ ದಿನ ಅವರೊಡನೆ ಆ ಗೌರವಕ್ಕೆ ಪಾತ್ರರಾದ ಇನ್ನೊಬ್ಬರು ಜಾನ್ ಬರ್ಕ್‌ಮನ್ಸ್. ಯೇಸುಸಭೆಯ ವಿದ್ಯಾರ್ಥಿಯಾಗಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡವರು. ಎಂಬತ್ತೈದರ ಮುದುಕರೂ ಇಪ್ಪತ್ತೆರಡರ ತರುಣರೂ ಒಂದೇ ಸಾಲಿನಲ್ಲಿ ನಿಂತ ಆ ದಿನವನ್ನು ನೆನೆದರೆ ನಮಗೆ ನಮ್ಮ ಶತಮಾನೋತ್ಸವದ ಮೆರವಣಿಗೆ ನೆನಪಾಗುತ್ತದೆ. ಅದರಲ್ಲಿ ಪೂಜಾಸಹಾಯಕ ಹುಡುಗರು ಮುಂದೆ ನಡೆದರು, ಊರುಗೋಲು ಹಿಡಿದವರು ಹಿಂದೆ ಉಳಿದರು. ಹುಡುಗರನ್ನು ಸ್ವಲ್ಪ ನಿಧಾನವಾಗಿ ನಡೆಯಿರೆಂದು ನಾವು ಹೇಳಬೇಕಾಗಿತ್ತು, ಗಡಿಬಿಡಿಯಲ್ಲಿ ತೋಚಲಿಲ್ಲ.

ಸಂತ ಅಲ್ಫೋನ್ಸರ ಹಬ್ಬವು ಅಕ್ಟೋಬರ್ 31ರಂದು ಬೀಳುತ್ತದೆ. ಮರುದಿನ ಸಕಲ ಸಂತರ ಮಹೋತ್ಸವ, ಅದರ ಮರುದಿನ ಮೃತ ವಿಶ್ವಾಸಿಗಳ ಸ್ಮರಣೆ. ಸಮಾಧಿಗಳನ್ನು ತೊಳೆದು ಹೂವು ಅಣಿಮಾಡುವ ಗಲಾಟೆಯಲ್ಲಿ ನಮ್ಮಲ್ಲಿ ಈ ಹಬ್ಬವನ್ನು ಯಾರೂ ನೆನೆಯುವುದಿಲ್ಲ. ಮುಂದಿನ ಅಕ್ಟೋಬರ್ 31ರ ಬೆಳಗಿನ ಬಲಿಪೂಜೆಯನ್ನು ನಮ್ಮ ಧರ್ಮಕೇಂದ್ರದ ಹಿರಿಯರಿಗಾಗಿ ಅರ್ಪಿಸಬೇಕೆಂದಿದ್ದೇವೆ. ದೇವಾಲಯಕ್ಕೆ ಬರಲಾಗದವರ ಮನೆಗಳಿಗೆ ಅಂದು ಪರಮಪ್ರಸಾದವನ್ನು ತರುವೆವು. ನಮ್ಮೊಡನೆ ಇಬ್ಬಿಬ್ಬರು ಯುವಕ ಯುವತಿಯರು ಬರಲಿದ್ದಾರೆ. ಪೂಜೆ ಮುಗಿದ ಮೇಲೆ ಅವರು ಕೂಡಲೇ ಎದ್ದು ಹೊರಡುವುದಿಲ್ಲ, ಸ್ವಲ್ಪ ಹೊತ್ತು ಕೂರುವರು. ಅವರಿಗೆ ಹೇಳಬೇಕಾದ ಮಾತು ತಮ್ಮಲ್ಲಿ ಏನಾದರೂ ಇದ್ದರೆ, ಹಿರಿಯರು ಈಗಿನಿಂದಲೇ ಯೋಚಿಸಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ.